ರೊನಾಲ್ಡ್ ರಾಸ್

ಸರ್ ರೊನಾಲ್ಡ್ ರಾಸ್ (13 ಮೇ 1857 – 16 ಸೆಪ್ಟೆಂಬರ್ 1932) ಮಲೇರಿಯಾ ರೋಗವು ಸೊಳ್ಳೆಗಳ ಮೂಲಕ ಹರಡುತ್ತದೆ ಎಂಬುದನ್ನು ಪ್ರಯೋಗಗಳಿಂದ ಸಿದ್ಧಪಡಿಸಿದ ಬ್ರಿಟಿಷ್ ವೈದ್ಯ ಮತ್ತು ವಿಜ್ಞಾನಿ. ಈ ಶೋಧಕ್ಕಾಗಿ ಅವರಿಗೆ 1902ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಬ್ರಿಟನ್ನಿಗೆ ಸಂದ ಮೊದಲ ನೊಬೆಲ್ ಅದು. ಮಲೇರಿಯಾ ಶೋಧಕರೆಂದೇ ಅವರು ಹೆಚ್ಚು ಪರಿಚಿತರು. ಆದರೆ ಒಂದು ಊರಿನ ನೀರು, ಸೊಳ್ಳೆ, ಉಷ್ಣತೆ ಮತ್ತು ಜನಸಂಖ್ಯೆಗಳನ್ನು ಅಳೆದು ಅಲ್ಲಿ ರೋಗ ಹರಡುವುದೋ ಇಲ್ಲವೋ ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದೆಂದು ತೋರಿಸಿದವರೂ ಅವರೇ. ಇಂದು ಉಪಗ್ರಹಗಳ ನೆರವಿನಿಂದ ನಡೆಯುವ ರೋಗ ಮುನ್ಸೂಚನೆಯ ಗಣಿತ ಅಲ್ಲಿಂದ ಹೊರಟದ್ದು. ಅವರ ವೃತ್ತಿಜೀವನದ ಹಲವು ವರ್ಷಗಳು ಬೆಂಗಳೂರಿನಲ್ಲಿ ಕಳೆದವು. ಅವರ ವಿಧಾನವು ಮುಂದೆ ಬೆಂಗಳೂರಿನ ನೆರೆಯ ಕೋಲಾರ ಸೀಮೆಯಲ್ಲಿಯೂ ಉಪಯೋಗಕ್ಕೆ ಬಂದಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಸ್ ಅವರು ಹಿಮಾಲಯದ ತಪ್ಪಲಿನ ಆಲ್ಮೋರಾದಲ್ಲಿ ಜನಿಸಿದರು. ತಂದೆ ಕ್ಯಾಂಪ್‌ಬೆಲ್ ಕ್ಲೇ ಗ್ರಾಂಟ್ ರಾಸ್ ಭಾರತೀಯ ಸೇನೆಯಲ್ಲಿ ಅಧಿಕಾರಿಯಾಗಿದ್ದರು; ತಾಯಿ ಮಟಿಲ್ಡಾ. ಹತ್ತು ಮಕ್ಕಳಲ್ಲಿ ಹಿರಿಯರಾದ ರೊನಾಲ್ಡರನ್ನು ಎಂಟನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ, ಬಂಧುಗಳ ಮನೆಗೆ ಕಳುಹಿಸಲಾಯಿತು. ಕವಿತೆ, ಸಂಗೀತ, ಚಿತ್ರಕಲೆ, ಗಣಿತ ಇವೇ ಹುಡುಗನ ಒಲವಿನ ವಿಷಯಗಳಾಗಿದ್ದವು. ವೈದ್ಯನಾಗಬೇಕೆಂಬುದು ತಂದೆಯ ಆಸೆ. ತಂದೆಯ ಮಾತೇ ನಡೆದು, ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಆರಂಭವಾಯಿತು. ಅಲ್ಲಿ ಅವರು ಮೇಲ್ಮಟ್ಟದ ವಿದ್ಯಾರ್ಥಿಯಾಗಿರಲಿಲ್ಲ. ಪದವಿಯ ನಂತರ ಕೆಲಕಾಲ ಹಡಗಿನ ವೈದ್ಯರಾಗಿ ದುಡಿದು, 1881ರಲ್ಲಿ ಭಾರತೀಯ ವೈದ್ಯಕೀಯ ಸೇವೆಗೆ ಸೇರಿ ಮದ್ರಾಸ್ ಪ್ರಾಂತಕ್ಕೆ ಬಂದರು. ಮನಸ್ಸು ಸಾಹಿತ್ಯದ ಕಡೆಗೇ ಇತ್ತು. ಮುಂದೆ ಕಾದಂಬರಿ, ನಾಟಕ, ಕವಿತೆಗಳನ್ನು ಬರೆದು ಪ್ರಕಟಿಸಿದರು. ಬಿಡುವಿನ ವೇಳೆಯಲ್ಲಿ ಹಟ ಹಿಡಿದು ತಾವೇ ಕಲಿತ ಗಣಿತವೇ ಕೊನೆಗೆ ಅವರ ವೈದ್ಯಕೀಯ ಕೆಲಸಕ್ಕೆ ಹೆಚ್ಚು ನೆರವಾಯಿತು.

ಬೆಂಗಳೂರಿನ ಮೊದಲ ವಾಸ

1883ರಲ್ಲಿ ರಾಸ್ ಅವರನ್ನು ಬೆಂಗಳೂರಿನ ದಂಡು ಪ್ರದೇಶಕ್ಕೆ ಹಂಗಾಮಿ ಸೇನಾ ವೈದ್ಯರನ್ನಾಗಿ ನೇಮಿಸಲಾಯಿತು. ಅವರಿಗೆ ಸಿಕ್ಕಿದ ಬಂಗಲೆ ಹಿತವಾಗಿತ್ತು, ಆದರೆ ಸೊಳ್ಳೆಗಳ ಕಾಟ ವಿಪರೀತವಾಗಿತ್ತು. ನೆರೆಯ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲೇ ಸೊಳ್ಳೆ ಹೆಚ್ಚಿರುವುದೇಕೆಂದು ಹುಡುಕಿದಾಗ ಕಿಟಕಿಯ ಹೊರಗಿದ್ದ ನೀರಿನ ಪೀಪಾಯಿ ಕಣ್ಣಿಗೆ ಬಿತ್ತು. ಅದರ ತುಂಬ ಸೊಳ್ಳೆಯ ಮರಿಗಳು ಹೊರಳಾಡುತ್ತಿದ್ದವು. ಪೀಪಾಯಿಯನ್ನು ಮಗುಚಿಸಿದ ಮೇಲೆ ಕೋಣೆಯ ಸೊಳ್ಳೆಗಳು ಬಹುಮಟ್ಟಿಗೆ ಇಲ್ಲವಾದವು. ಅಧಿಕಾರಿಗಳ ಭೋಜನಶಾಲೆಯ ಸುತ್ತ ಇರುವ ತೊಟ್ಟಿ, ಹೂಕುಂಡ, ಡಬ್ಬಗಳಿಗೂ ಇದೇ ಉಪಾಯ ಮಾಡೋಣವೆಂದು ಅವರು ಮೇಲಧಿಕಾರಿಗೆ ಸೂಚಿಸಿದರು. ಸೃಷ್ಟಿಯ ಕ್ರಮವನ್ನು ಕೆಡಿಸಬಾರದೆಂಬ ಕಾರಣ ಕೊಟ್ಟು ಆ ಅಧಿಕಾರಿ ಒಪ್ಪಲಿಲ್ಲ.

ಆಗ ರಾಸ್ ಅವರಿಗೆ ಸೊಳ್ಳೆಗೂ ಮಲೇರಿಯಾಕ್ಕೂ ನಂಟಿದೆ ಎಂಬುದು ಗೊತ್ತಿರಲಿಲ್ಲ, ಜಗತ್ತಿನಲ್ಲಿ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಆದ್ದರಿಂದ ಬೆಂಗಳೂರಿನ ಪೀಪಾಯಿಯನ್ನು ಮಲೇರಿಯಾ ಶೋಧದ ಆರಂಭವೆನ್ನುವುದು ಅತಿಶಯೋಕ್ತಿ. ನಿಂತ ನೀರನ್ನು ಹುಡುಕಿ ತೆಗೆದರೆ ಸೊಳ್ಳೆ ಕಡಿಮೆಯಾಗುತ್ತದೆ ಎಂಬ ಪಾಠವನ್ನು ಮಾತ್ರ ಅವರು ಅಲ್ಲಿ ಕಲಿತರು. ಅದನ್ನು ಕೊನೆಯವರೆಗೂ ಬಿಡಲಿಲ್ಲ.

ಮೌಲ್ಮೇನ್, ಅಂಡಮಾನ್ ಮೊದಲಾದೆಡೆ ಕೆಲಸ ಮಾಡಿ, 1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಅವರು ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ ಪಡೆದರು, ಸೂಕ್ಷ್ಮಜೀವಿಶಾಸ್ತ್ರವನ್ನೂ ಕಲಿತರು. 1889ರಲ್ಲಿ ರೋಸಾ ಬೆಸ್ಸಿ ಬ್ಲಾಕ್ಸಮ್ ಅವರನ್ನು ವಿವಾಹವಾಗಿ ಭಾರತಕ್ಕೆ ಹಿಂದಿರುಗಿದರು. ಬೆಂಗಳೂರಿನಲ್ಲಿ ಮತ್ತೆ ಕೆಲಸ ಮಾಡಿದ ಈ ಅವಧಿಯಲ್ಲಿ ಜ್ವರಗಳ ಅಧ್ಯಯನ ಆರಂಭಿಸಿದರು. ಫ್ರೆಂಚ್ ಸೇನಾ ವೈದ್ಯ ಲಾವರಾನ್ 1880ರಲ್ಲಿ ಅಲ್ಜೀರಿಯಾದಲ್ಲಿ ಮಲೇರಿಯಾ ರೋಗಿಗಳ ರಕ್ತದಲ್ಲಿ ಪರೋಪಜೀವಿಯನ್ನು ಕಂಡಿದ್ದರೂ ರಾಸ್ ಅದನ್ನು ನಂಬಲಿಲ್ಲ. ಮಲೇರಿಯಾ ಕರುಳಿನಲ್ಲಿ ಹುಟ್ಟುವ ವಿಷದಿಂದ ಬರುತ್ತದೆಂದು ಲೇಖನಗಳನ್ನೇ ಬರೆದರು.

ಮ್ಯಾನ್ಸನ್ ಅವರ ಪ್ರಭಾವ

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅವರು ಸೂಕ್ಷ್ಮದರ್ಶಕದಡಿ ಆ ಪರೋಪಜೀವಿಯನ್ನು ತೋರಿಸಿದಾಗ ರಾಸ್ ತಮ್ಮ ತಪ್ಪನ್ನು ಒಪ್ಪಿಕೊಂಡರು. ಆನೆಕಾಲು ರೋಗದ ಹುಳುಗಳು ಸೊಳ್ಳೆಯ ಒಡಲಲ್ಲಿ ಬೆಳೆಯುವುದನ್ನು ಮ್ಯಾನ್ಸನ್ ಅದಾಗಲೇ ಕಂಡಿದ್ದರು. ಮಲೇರಿಯಾದ ಪರೋಪಜೀವಿಯೂ ಹಾಗೆಯೇ ಬೆಳೆಯುತ್ತಿರಬೇಕೆಂಬುದು ಅವರ ಊಹೆ. ಆದರೆ ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರನ್ನು ಕುಡಿದವರಿಗೆ ರೋಗ ತಗಲುತ್ತದೆಂದು ಅವರು ಭಾವಿಸಿದ್ದರು. ಊಹೆಯ ಅರ್ಧಭಾಗ ಸರಿಯಾಗಿತ್ತು. ಉಳಿದ ಅರ್ಧ ರಾಸ್ ಅವರ ಎರಡು ವರ್ಷಗಳನ್ನು ನುಂಗಿತು.

ಬೆಂಗಳೂರಿನ ಕಾಲರಾ

1895ರ ಏಪ್ರಿಲ್‌ನಲ್ಲಿ ಸಿಕಂದರಾಬಾದಿಗೆ ಬಂದು ಸೊಳ್ಳೆಗಳ ಪರೀಕ್ಷೆ ಆರಂಭಿಸಿದ ರಾಸ್ ಅವರನ್ನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೆ ಕಳುಹಿಸಲಾಯಿತು. ಅಲ್ಲಿ ಕಾಲರಾ ಹಬ್ಬಿತ್ತು. ಮಲೇರಿಯಾದ ಕೆಲಸ ನಿಂತಿತೆಂದು ಅವರಿಗೆ ಬೇಸರವಾದರೂ, ಹೊಸ ಹೊಣೆಯನ್ನು ಶ್ರದ್ಧೆಯಿಂದ ನಿರ್ವಹಿಸಿದರು. ಆಸ್ಪತ್ರೆಯಲ್ಲಿ ಕುಳಿತು ರೋಗಿಗಳಿಗಾಗಿ ಕಾಯುವ ಬದಲು ಬಾವಿ, ಚರಂಡಿ, ಕೇರಿಗಳನ್ನು ಸುತ್ತಿ ನೋಡಿದರು. ದಂಡು ಪ್ರದೇಶದ ಕಾಲರಾ, ನೈರ್ಮಲ್ಯ ಮತ್ತು ನೈರ್ಮಲ್ಯ ಇಲಾಖೆಯ ನಿಯಮಗಳ ಬಗ್ಗೆ ಅವರು ಬರೆದ ವಿಸ್ತಾರವಾದ ವರದಿ 1896ರಲ್ಲಿ ಅಚ್ಚಾಯಿತು. ಹೆಸರುವಾಸಿಯಾದ ಶೋಧಗಳ ನೆರಳಿನಲ್ಲಿ ಈ ವರದಿಯನ್ನು ಜೀವನಚರಿತ್ರೆಗಾರರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಊರಿನ ಪರಿಸರವನ್ನು ಮನೆಮನೆಯ ಮಟ್ಟದಲ್ಲಿ ನೋಡುವ ಅಭ್ಯಾಸ ಅವರಿಗೆ ಬಲವಾದದ್ದು ಇಲ್ಲಿಯೇ ಎಂಬುದನ್ನು ಮರೆಯಬಾರದು.

ಬಿಡುವಿನಲ್ಲಿ ಮಲೇರಿಯಾದ ಪ್ರಯೋಗಗಳೂ ನಡೆದವು. ಬೌರಿಂಗ್ ಆಸ್ಪತ್ರೆಯ ಸಹಾಯಕ ವೈದ್ಯರಾದ ಅಪ್ಪಯ್ಯ (ರಾಸ್ ಅವರ ಬರಹದಲ್ಲಿ ಅಪ್ಪಿಯ) ಸ್ವಇಚ್ಛೆಯಿಂದ ಮುಂದೆ ಬಂದು, ಮಲೇರಿಯಾ ರೋಗಿಗಳ ರಕ್ತ ಕುಡಿದ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಅವರಿಗೆ ಜ್ವರ ಬರಲಿಲ್ಲ. ಪ್ರಯೋಗ ವಿಫಲವಾಗಲು ಕಾರಣಗಳು ಎರಡು. ಬಳಸಿದ ಸೊಳ್ಳೆಗಳು ಮಲೇರಿಯಾ ಹರಡುವ ಜಾತಿಯವಾಗಿರಲಿಲ್ಲ. ಪರೋಪಜೀವಿ ಸೊಳ್ಳೆಯ ಒಡಲಲ್ಲಿ ಬೆಳೆಯಲು ಬೇಕಾದ ದಿನಗಳೂ ಕಳೆದಿರಲಿಲ್ಲ. ಇವೆರಡೂ ತಿಳಿದದ್ದು ಆಮೇಲೆ. ಜ್ವರ ಬಂದಿದ್ದರೆ ಅಪ್ಪಯ್ಯನವರ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಇಂದಿನ ಯಾವುದೇ ನೈತಿಕ ಸಮಿತಿ ಮೊದಲು ಕೇಳುತ್ತದೆ. ಆ ಕಾಲದಲ್ಲಿ ಅಂಥ ಸಮಿತಿಗಳಿರಲಿಲ್ಲ.

1897ರ ಏಪ್ರಿಲ್‌ನಲ್ಲಿ ಉದಕಮಂಡಲದ ಕೆಳಗಿನ ಸಿಗೂರು ಕಣಿವೆಗೆ ಹೋದ ರಾಸ್ ಅವರಿಗೇ ಮಲೇರಿಯಾ ತಗಲಿತು. ರೆಕ್ಕೆಗಳ ಮೇಲೆ ಚುಕ್ಕೆಗಳಿರುವ ಸೊಳ್ಳೆಯನ್ನು ಅವರು ಅಲ್ಲಿ ಗಮನಿಸಿದರು.

ಸಿಕಂದರಾಬಾದ್ ಮತ್ತು ಕಲ್ಕತ್ತ

ಜೂನ್ 1897ರಲ್ಲಿ ಅವರು ಸಿಕಂದರಾಬಾದಿಗೆ ಮರಳಿದರು. ಹುಸೇನ್ ಖಾನ್ ಎಂಬ ರೋಗಿ, ರಕ್ತ ಕುಡಿದ ಪ್ರತಿ ಸೊಳ್ಳೆಗೆ ಒಂದು ಆಣೆಯಂತೆ ಹಣ ಪಡೆದು ಕಚ್ಚಿಸಿಕೊಂಡನು. ಬೇಸಿಗೆಯ ಸೆಕೆಯಲ್ಲಿ, ಬೆವರಿನಿಂದ ತುಕ್ಕು ಹಿಡಿದ ಸೂಕ್ಷ್ಮದರ್ಶಕದಡಿ ಒಂದೊಂದೇ ಸೊಳ್ಳೆಯನ್ನು ಸೀಳಿ ನೋಡುವ ಕೆಲಸ ವಾರಗಟ್ಟಲೆ ನಡೆಯಿತು. 1897ರ ಆಗಸ್ಟ್ 20ರಂದು ಚುಕ್ಕೆ ರೆಕ್ಕೆಯ ಸೊಳ್ಳೆಯೊಂದರ ಜಠರದ ಗೋಡೆಯಲ್ಲಿ, ಮಲೇರಿಯಾದ ಕಪ್ಪು ವರ್ಣಕಣಗಳನ್ನು ಹೊತ್ತ ಕೋಶಗಳು ಕಂಡವು. ಇಂದು ಅನಾಫಿಲಿಸ್ ಎಂದು ಕರೆಯುವ ಸೊಳ್ಳೆಯ ಗುಂಪು ಅದು. ಆಗಸ್ಟ್ 20ನ್ನು ಈಗ ವಿಶ್ವ ಸೊಳ್ಳೆ ದಿನವಾಗಿ ಆಚರಿಸಲಾಗುತ್ತದೆ.

ಇದಾದ ಮುಂದಿನ ತಿಂಗಳೇ ಅವರನ್ನು ರಾಜಪುತಾನಾದ ಖೇರ್ವಾಡಕ್ಕೆ ವರ್ಗಾಯಿಸಲಾಯಿತು. ಮಲೇರಿಯಾ ವಿರಳವಾಗಿದ್ದ ಊರು ಅದು. ಮ್ಯಾನ್ಸನ್ ಅವರ ಒತ್ತಾಯದಿಂದ 1898ರಲ್ಲಿ ಕಲ್ಕತ್ತಕ್ಕೆ ವಿಶೇಷ ನೇಮಕವಾಯಿತು. ಅಲ್ಲಿ ಹಕ್ಕಿಗಳ ಮಲೇರಿಯಾವನ್ನು ಆರಿಸಿಕೊಂಡು, ಮಹಮದ್ ಬಕ್ಷ್ ಎಂಬ ಸಹಾಯಕನ ನೆರವಿನಿಂದ ಪರೋಪಜೀವಿಯ ಪೂರ್ಣ ಚಕ್ರವನ್ನು ಬಿಡಿಸಿದರು. ಜಠರದಿಂದ ಹೊರಟ ಪರೋಪಜೀವಿ ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರುತ್ತದೆ, ಕಚ್ಚಿದಾಗ ಮತ್ತೊಂದು ಹಕ್ಕಿಯ ರಕ್ತಕ್ಕೆ ಇಳಿಯುತ್ತದೆ ಎಂದು 1898ರ ಜುಲೈನಲ್ಲಿ ಸಿದ್ಧವಾಯಿತು. ಮನುಷ್ಯರ ಮಲೇರಿಯಾದಲ್ಲಿ ಇದೇ ಚಕ್ರವನ್ನು ಪೂರ್ಣವಾಗಿ ತೋರಿಸಿದವರು ಇಟಲಿಯ ಜೊವಾನ್ನಿ ಗ್ರಾಸ್ಸಿ ಮತ್ತು ಸಂಗಡಿಗರು. ಯಾರು ಮೊದಲು ಎಂಬ ಬಗ್ಗೆ ರಾಸ್ ಮತ್ತು ಗ್ರಾಸ್ಸಿ ನಡುವೆ ಹುಟ್ಟಿದ ವೈಮನಸ್ಯ ಇಬ್ಬರಿಗೂ ಶೋಭೆ ತರಲಿಲ್ಲ.

ಅಳತೆಯಿಂದ ಮುನ್ಸೂಚನೆಗೆ

1899ರಲ್ಲಿ ಭಾರತದ ಸೇವೆಯಿಂದ ನಿವೃತ್ತರಾಗಿ ರಾಸ್ ಅವರು ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಶಾಲೆಗೆ ಸೇರಿದರು. ರೋಗ ಹೇಗೆ ಹರಡುತ್ತದೆಂದು ತಿಳಿದಾಗಿತ್ತು. ಎಲ್ಲಿ, ಯಾವಾಗ, ಎಷ್ಟು ಹರಡುತ್ತದೆ ಎಂಬ ಪ್ರಶ್ನೆಗೆ ಅವರು ತಮ್ಮ ಉಳಿದ ಬಾಳನ್ನು ಮೀಸಲಿಟ್ಟರು. ಸಿಯೆರಾ ಲಿಯೋನ್ ದೇಶದ ಫ್ರೀಟೌನ್‌ನಲ್ಲಿ ಅನಾಫಿಲಿಸ್ ಮರಿಗಳಿರುವ ಹೊಂಡಗಳನ್ನು ಹುಡುಕಿ ಗುರುತಿಸುವ ಕೆಲಸ ನಡೆಯಿತು. ಎಲ್ಲ ನೀರಿನಲ್ಲೂ ಅವು ಬೆಳೆಯುವುದಿಲ್ಲ, ಕೆಲವು ಬಗೆಯ ಹೊಂಡಗಳಲ್ಲಿ ಮಾತ್ರ ಬೆಳೆಯುತ್ತವೆ ಎಂಬ ತಿಳಿವಳಿಕೆ ಗಟ್ಟಿಯಾಯಿತು. 1902ರಲ್ಲಿ ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯಾ ಪಟ್ಟಣಕ್ಕೆ ಅವರು ನೀಡಿದ ಸಲಹೆಯಂತೆ ಜೌಗುಗಳನ್ನು ಮುಚ್ಚಿ, ಮನೆಗಳ ಕೆಳಗಿನ ಗುಂಡಿಗಳಿಗೆ ಎಣ್ಣೆ ಹಾಕಲಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಮಲೇರಿಯಾ ಬಹುಮಟ್ಟಿಗೆ ಮಾಯವಾಯಿತು.

ಎಲ್ಲೆಡೆ ಹೀಗಾಗಲಿಲ್ಲ. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ 1902ರಿಂದ ನಡೆದ ಪ್ರಯೋಗದಲ್ಲಿ ಸೊಳ್ಳೆಗಳು ಕಡಿಮೆಯಾಗಲೇ ಇಲ್ಲ. ನೀರಾವರಿ ಕಾಲುವೆಗಳು ಸುತ್ತುವರಿದ ಬಯಲು ಅದು. ಅದನ್ನು ನಡೆಸಿದ ಜೇಮ್ಸ್ ಮತ್ತು ಕ್ರಿಸ್ಟೋಫರ್ಸ್ ಅವರು ಮರಿಗಳ ನಾಶದಿಂದ ಭಾರತದಲ್ಲಿ ಫಲವಿಲ್ಲವೆಂಬ ನಿಲುವಿಗೆ ಬಂದರು. ಹಣವೂ ಕಾಲವೂ ಸಾಲದೆ ಪ್ರಯೋಗ ಕೆಟ್ಟಿತೆಂದು ರಾಸ್ ವಾದಿಸಿದರು. ಈ ಜಗಳದಿಂದ ಒಂದು ಒಳಿತಾಯಿತು. ಎಷ್ಟು ಸೊಳ್ಳೆಗಳನ್ನು ಕಡಿಮೆ ಮಾಡಿದರೆ ರೋಗ ನಿಲ್ಲುತ್ತದೆ ಎಂಬುದಕ್ಕೆ ವಾದ ಸಾಲದು, ಲೆಕ್ಕ ಬೇಕು ಎಂದು ರಾಸ್ ಅವರಿಗೆ ಮನವರಿಕೆಯಾಯಿತು.

ಆ ಲೆಕ್ಕವನ್ನು ಅವರು ಮಾರಿಷಸ್ ದ್ವೀಪದಲ್ಲಿ ಹಾಕಿದರು. 1907–08ರಲ್ಲಿ ಸರ್ಕಾರದ ಕೋರಿಕೆಯ ಮೇಲೆ ಅಲ್ಲಿಗೆ ಹೋಗಿ, ಸಾವಿರಾರು ಮಕ್ಕಳ ಹೊಟ್ಟೆ ಮುಟ್ಟಿ ಗುಲ್ಮ ಊದಿದೆಯೇ ಎಂದು ಪರೀಕ್ಷಿಸಿದರು. ನಮ್ಮ ಹಳ್ಳಿಗಳಲ್ಲಿ ಜ್ವರಗಡ್ಡೆ ಎನ್ನುತ್ತಿದ್ದುದು ಇದನ್ನೇ. ಎಷ್ಟು ಮಕ್ಕಳಿಗೆ ಗಡ್ಡೆಯಿದೆಯೋ ಅದು ಆ ಊರಿನ ಮಲೇರಿಯಾದ ಅಳತೆ. ಇದಕ್ಕೆ ಸೊಳ್ಳೆಗಳ ಎಣಿಕೆಯನ್ನೂ ಹುಟ್ಟುತಾಣಗಳ ಪಟ್ಟಿಯನ್ನೂ ಸೇರಿಸಿ ಸಮೀಕರಣ ಬರೆದರು. ಒಬ್ಬ ರೋಗಿಯಿಂದ ಸೊಳ್ಳೆಗೆ, ಸೊಳ್ಳೆಯಿಂದ ಮತ್ತೊಬ್ಬನಿಗೆ ರೋಗ ದಾಟಬೇಕಾದರೆ ಹಲವು ಸಂಗತಿಗಳು ಒಟ್ಟಾಗಿ ನಡೆಯಬೇಕು: ಸೊಳ್ಳೆ ರೋಗಿಯನ್ನೇ ಕಚ್ಚಬೇಕು, ಪರೋಪಜೀವಿ ಬೆಳೆಯುವಷ್ಟು ದಿನ ಬದುಕಿರಬೇಕು, ಮತ್ತೆ ಮನುಷ್ಯನನ್ನೇ ಕಚ್ಚಬೇಕು. ಈ ಸರಪಣಿಯಲ್ಲಿ ಎಲ್ಲೋ ಒಂದು ಕಡೆ ಸೊಳ್ಳೆಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗೆ ಇಳಿದರೆ, ಕೊನೆಯ ಸೊಳ್ಳೆಯನ್ನು ಕೊಲ್ಲದಿದ್ದರೂ ರೋಗ ತಾನಾಗಿ ಆರಿಹೋಗುತ್ತದೆ. 1910ರಲ್ಲಿ ಪ್ರಕಟವಾದ ಮಲೇರಿಯಾ ತಡೆ ಕುರಿತ ಗ್ರಂಥದಲ್ಲಿ ಅವರು ಇದನ್ನು ವಿಸ್ತರಿಸಿದರು. 1916–17ರಲ್ಲಿ ಗಣಿತಜ್ಞೆ ಹಿಲ್ಡಾ ಹಡ್ಸನ್ ಅವರೊಡನೆ ಸೇರಿ ಯಾವುದೇ ಸಾಂಕ್ರಾಮಿಕಕ್ಕೂ ಅನ್ವಯಿಸುವ ಸಾಮಾನ್ಯ ಸಿದ್ಧಾಂತವನ್ನು ಬರೆದರು. ಸಮಕಾಲೀನ ವೈದ್ಯರು ಈ ಗಣಿತವನ್ನು ಹೆಚ್ಚಾಗಿ ಓದಲಿಲ್ಲ. ಜಾರ್ಜ್ ಮ್ಯಾಕ್‌ಡೊನಾಲ್ಡ್ 1950ರ ದಶಕದಲ್ಲಿ ಅದನ್ನು ಮುಂದುವರಿಸಿದ ಮೇಲೆ ಅದರ ಬೆಲೆ ತಿಳಿಯಿತು.

ಮಿಯಾನ್ ಮೀರ್ ವಿವಾದದಲ್ಲಿ ಎದುರಾಳಿಯಾಗಿದ್ದ ಕ್ರಿಸ್ಟೋಫರ್ಸ್ ಅವರೇ ಭಾರತದಲ್ಲಿ ಪರಿಸರದಿಂದ ರೋಗವನ್ನು ಊಹಿಸುವ ಕೆಲಸಕ್ಕೆ ತಳಹದಿ ಹಾಕಿದ್ದು ವಿಚಿತ್ರ. 1908ರ ಪಂಜಾಬಿನ ಭೀಕರ ಮಲೇರಿಯಾವನ್ನು ಪರಿಶೀಲಿಸಿ, ಅತಿಮಳೆ ಮತ್ತು ಧಾನ್ಯದ ಬೆಲೆಯೇರಿಕೆ ಒಟ್ಟಾದ ವರ್ಷಗಳಲ್ಲಿ ಸಾವು ಹೆಚ್ಚುತ್ತದೆಂದು ಅವರು 1911ರಲ್ಲಿ ತೋರಿಸಿದರು. ಈ ಆಧಾರದ ಮೇಲೆ ಗಿಲ್ ಎಂಬ ವೈದ್ಯಾಧಿಕಾರಿ 1920ರ ದಶಕದಲ್ಲಿ ಪಂಜಾಬಿಗೆ ಪ್ರತಿವರ್ಷ ಮಲೇರಿಯಾ ಮುನ್ಸೂಚನೆ ನೀಡುವ ಪದ್ಧತಿ ಆರಂಭಿಸಿದರು.

ಕೊನೆಯ ವರ್ಷಗಳು

1911ರಲ್ಲಿ ರಾಸ್ ಅವರಿಗೆ ಸರ್ ಪದವಿ ಬಂದಿತು. ಹಿರಿಯ ಮಗ ರೊನಾಲ್ಡ್ ಕ್ಯಾಂಪ್‌ಬೆಲ್ 1914ರ ಆಗಸ್ಟ್‌ನಲ್ಲಿ, ಮೊದಲ ಮಹಾಯುದ್ಧದ ಆರಂಭದಲ್ಲೇ ಲ ಕಾಟೊ ಕದನದಲ್ಲಿ ಮಡಿದನು. ತಂದೆ ಯುದ್ಧಕಾಲದಲ್ಲಿ ಸೇನೆಗೆ ಮಲೇರಿಯಾ ಸಲಹೆಗಾರರಾಗಿ ದುಡಿದರು. ಆತ್ಮಕಥೆ 1923ರಲ್ಲಿ ಪ್ರಕಟವಾಗಿ ಸಾಹಿತ್ಯ ಬಹುಮಾನ ಪಡೆಯಿತು. ಸರ್ಕಾರ ತಮ್ಮ ಶ್ರಮಕ್ಕೆ ತಕ್ಕ ಬೆಲೆ ಕೊಡಲಿಲ್ಲವೆಂಬ ಕೊರಗು ಆ ಪುಸ್ತಕದಲ್ಲಿ ಮತ್ತೆ ಮತ್ತೆ ಬರುತ್ತದೆ. ಸಹಾಯಕರಾಗಿದ್ದ ಭಾರತೀಯರು ಅದೇ ಮಾತನ್ನು ಅವರ ಬಗ್ಗೆ ಹೇಳಬಹುದಿತ್ತು. 1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವರ ಹೆಸರಿನ ಸಂಸ್ಥೆ ಮತ್ತು ಆಸ್ಪತ್ರೆ ಆರಂಭವಾದವು. ಪತ್ನಿ 1931ರಲ್ಲಿ ತೀರಿಕೊಂಡರು. ಮರುವರ್ಷ ರಾಸ್ ಅವರೂ ನಿಧನರಾದರು.

ಕೋಲಾರ ಸೀಮೆ ಮತ್ತು ರಾಸ್ ಅವರ ವಿಧಾನ

ಬೆಂಗಳೂರಿನ ಪೂರ್ವಕ್ಕಿರುವ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆನೀರನ್ನು ಹಿಡಿದಿಡುವ ಕೆರೆ, ಕುಂಟೆ, ಬಾವಿಗಳೇ ಬದುಕಿಗೆ ಆಧಾರ, ಸೊಳ್ಳೆಗೂ ಅವೇ ಆಧಾರ. ರಾಸ್ ಮಲೇರಿಯಾಕ್ಕೆ ಹಾಕಿದ ಲೆಕ್ಕ ಇಲ್ಲಿ ಮತ್ತೊಂದು ರೋಗದಲ್ಲಿ ಮುಖ್ಯವಾಯಿತು. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮಿದುಳುಜ್ವರ ಭಾರತದಲ್ಲಿ ಮೊದಲು ಗುರುತಾದದ್ದು 1955ರಲ್ಲಿ, ಕೋಲಾರಕ್ಕೆ ದೂರವಲ್ಲದ ವೆಲ್ಲೂರಿನಲ್ಲಿ. 1970ರ ದಶಕದ ಕೊನೆಯಲ್ಲಿ ಅದು ಕೋಲಾರ ಮತ್ತು ಮಂಡ್ಯ ಜಿಲ್ಲೆಗಳಲ್ಲಿ ಹಬ್ಬಿತು. ಇದನ್ನು ಹರಡುವುದು ಭತ್ತದ ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ. ವೈರಾಣು ಹಂದಿ ಮತ್ತು ನೀರುಹಕ್ಕಿಗಳಲ್ಲಿ ವೃದ್ಧಿಯಾಗುತ್ತದೆ. ಮನುಷ್ಯ ಅದಕ್ಕೆ ಆಕಸ್ಮಿಕವಾಗಿ ಸಿಕ್ಕಿಬೀಳುವವನು. ಬಲಿಯಾಗುವವರು ಹೆಚ್ಚಾಗಿ ಮಕ್ಕಳು, ಬದುಕುಳಿದವರಲ್ಲೂ ಹಲವರಿಗೆ ಅಂಗವೈಕಲ್ಯ ಉಳಿಯುತ್ತದೆ. ನಿರ್ದಿಷ್ಟ ಔಷಧವಿಲ್ಲದ ರೋಗವಾದ್ದರಿಂದ ಮೊದಲೇ ತಿಳಿಯುವುದೇ ಇಲ್ಲಿ ದೊಡ್ಡ ಚಿಕಿತ್ಸೆ. ದೇಶದ ಪೀಡಿತ ಜಿಲ್ಲೆಗಳಲ್ಲಿ 2006ರಿಂದ ಮಕ್ಕಳಿಗೆ ಲಸಿಕೆ ನೀಡಲಾಗುತ್ತಿದೆ.

ಜಿಲ್ಲೆಯ ಮತ್ತೊಂದು ವಿಶೇಷ ರೇಷ್ಮೆ. ಹುಳು ಸಾಕುವ ಮನೆಯ ಗೋಡೆಗೆ ಕೀಟನಾಶಕ ಸಿಂಪಡಿಸಿದರೆ ಹುಳುಗಳೂ ಸಾಯುತ್ತವೆ, ಆದ್ದರಿಂದ ರೈತರು ಸಿಂಪಡಣೆಗೆ ಒಪ್ಪುತ್ತಿರಲಿಲ್ಲ. ಬಂಗಾರಪೇಟೆ ಕಡೆಯ ಹಳ್ಳಿಗಳಲ್ಲಿ ಮಲೇರಿಯಾ ಸಂಶೋಧಕರು ಬಾವಿ ಮತ್ತು ಕುಂಟೆಗಳಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಮೀನುಗಳನ್ನು ಬಿಟ್ಟು ಈ ತೊಡಕನ್ನು ಬಿಡಿಸಿದರು. ಪ್ರತಿ ಬಾವಿಯನ್ನೂ ಗುರುತಿಸಿ ಪರೀಕ್ಷಿಸುವ ಈ ಕ್ರಮ ರಾಸ್ ಫ್ರೀಟೌನ್‌ನಲ್ಲಿ ಮಾಡಿದ ಕೆಲಸದ ಮುಂದುವರಿಕೆಯೇ ಆಗಿದೆ.

ಉಪಗ್ರಹಕ್ಕೆ ಸೊಳ್ಳೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ನೀರಿನ ಹರವು, ಹಸಿರಿನ ದಟ್ಟಣೆ, ನೆಲದ ಉಷ್ಣತೆ, ಮೋಡ ಮತ್ತು ಮಳೆ. ರಾಸ್ ಅವರ ಸಮೀಕರಣದಲ್ಲಿ ಇವುಗಳಿಗೆ ಸ್ಥಾನವಿರುವುದರಿಂದಲೇ ಚಿತ್ರಗಳು ಮುನ್ಸೂಚನೆಯಾಗುತ್ತವೆ. ಉದಾಹರಣೆಗೆ, ಸುಮಾರು 16ರಿಂದ 18 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ಹವೆಯಲ್ಲಿ ಮಲೇರಿಯಾ ಪರೋಪಜೀವಿ ಸೊಳ್ಳೆಯಲ್ಲಿ ಬೆಳೆಯದು. ಅದಕ್ಕಿಂತ ಬೆಚ್ಚಗಾದಂತೆ ಬೆಳವಣಿಗೆಗೆ ಬೇಕಾದ ದಿನಗಳು ಕಡಿಮೆಯಾಗುತ್ತವೆ. ಪೂರ್ವ ಆಫ್ರಿಕದಲ್ಲಿ ಸಾಗರದ ಉಷ್ಣತೆ, ಮಳೆ ಮತ್ತು ಹಸಿರಿನ ಉಪಗ್ರಹ ಮಾಹಿತಿಯಿಂದ 2006ರಲ್ಲಿ ರಿಫ್ಟ್ ಕಣಿವೆ ಜ್ವರದ ಎಚ್ಚರಿಕೆಯನ್ನು ರೋಗ ಕಾಣಿಸಿಕೊಳ್ಳುವ ಮುನ್ನವೇ ನೀಡಲಾಯಿತು. ಭಾರತವು 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ದೂರಸಂವೇದಿ ಉಪಗ್ರಹವನ್ನು ಹಾರಿಸಿದ ಮೇಲೆ, ಅದರ ಸರಣಿಯ ಚಿತ್ರಗಳಿಂದ ಸೊಳ್ಳೆಗಳ ನೆಲೆಗಳನ್ನು ಗುರುತಿಸುವ ಅಧ್ಯಯನಗಳು ದೇಶದಲ್ಲಿಯೂ ನಡೆದವು. 2012ರ ರಿಸ್ಯಾಟ್-1ರಂತಹ ರೇಡಾರ್ ಉಪಗ್ರಹಗಳು ಮೋಡ ಮುಸುಕಿದ ಮಳೆಗಾಲದಲ್ಲೂ ನಾಟಿಯಾದ ಭತ್ತದ ಗದ್ದೆಯನ್ನು ಗುರುತಿಸಬಲ್ಲವು. ಮಿದುಳುಜ್ವರದ ಮಟ್ಟಿಗೆ ಬೇಕಾದ ಮಾಹಿತಿ ಅದೇ. ನೆಲದ ಮೇಲೆ, ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಯ ಅಳತೆ ನೀಡುತ್ತಿವೆ.

ಆದರೂ ಮೇಲಿನಿಂದ ಕಾಣದ ಸಂಗತಿಗಳು ಹಲವು. ಮುಳಬಾಗಿಲಿನ ಒಂದು ಕುಂಟೆಯಲ್ಲಿ ಮೀನಿದೆಯೇ, ಶ್ರೀನಿವಾಸಪುರದ ಒಂದು ಮನೆಯ ಸಿಮೆಂಟ್ ತೊಟ್ಟಿಗೆ ಮುಚ್ಚಳವಿದೆಯೇ, ಹಂದಿಗಳ ಕೊಟ್ಟಿಗೆ ಗದ್ದೆಗೆ ಎಷ್ಟು ಹತ್ತಿರ ಎಂಬುದನ್ನು ಕಾಲ್ನಡಿಗೆಯಲ್ಲೇ ತಿಳಿಯಬೇಕು. ಭೂದೃಶ್ಯವೂ ಬದಲಾಗುತ್ತಿರುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿ, ಬತ್ತಿದ್ದ ಕೆರೆಗಳಲ್ಲಿ ಬೇಸಿಗೆಯಲ್ಲೂ ನೀರು ನಿಂತಿತು. ಅಂತರ್ಜಲಕ್ಕೆ ಇದು ವರ. ಸೊಳ್ಳೆಯ ದೃಷ್ಟಿಯಿಂದ ಮಾತ್ರ ಅದಕ್ಕೆ ಮುಂಚಿನ ನಕ್ಷೆಗಳನ್ನು ನಂಬುವಂತಿಲ್ಲ. ಕೆರೆಯಂಚಿನ ಜೊಂಡು, ಅಚ್ಚುಕಟ್ಟಿನ ಹೊಸ ಬೆಳೆ ಮತ್ತು ಮರಿಗಳ ಸಂಖ್ಯೆಯನ್ನು ಹೊಸದಾಗಿಯೇ ಎಣಿಸಬೇಕಾಗಿದೆ. ಆಶಾ ಕಾರ್ಯಕರ್ತೆಯರು ಮತ್ತು ಕಿರಿಯ ಆರೋಗ್ಯ ಸಹಾಯಕರು ಮನೆಮನೆಗೆ ಹೋಗಿ ತೊಟ್ಟಿ, ಡ್ರಮ್ಮುಗಳಲ್ಲಿ ಲಾರ್ವಾ ಹುಡುಕುವ ಸಮೀಕ್ಷೆ ಜಿಲ್ಲೆಯಲ್ಲಿ ಈಗಲೂ ನಡೆಯುತ್ತದೆ. ಲಾರ್ವಾ ಕಂಡ ನೀರನ್ನು ಅವರು ಸ್ಥಳದಲ್ಲೇ ಚೆಲ್ಲಿಸುತ್ತಾರೆ.